ಮಾರಾಟಕ್ಕಿಟ್ಟ ಕುಲುಮೆ

ಸರಕಾರದ ಒಡೆತನದ ಉದ್ದಿಮೆಯನ್ನು ಖಾಸಗಿಯವರಿಗೆ ಒಪ್ಪಿಸುವ ಪ್ರಶ್ನೆ ಎದ್ದಾಗಲೆಲ್ಲ ನಮ್ಮಲ್ಲಿ ವಾದವು ತತ್ತ್ವದ ನೆಲೆಯಲ್ಲಿಯೇ ನಿಂತುಬಿಡುತ್ತದೆ; ಮಾರುವ ಹೊತ್ತಿಗೆ ಆ ಉದ್ದಿಮೆಯಲ್ಲಿ ಎಷ್ಟು ಸತ್ತ್ವ ಉಳಿದಿತ್ತೆಂದು ವಿಚಾರಿಸುವವರು ವಿರಳ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಚರಿತ್ರೆಯನ್ನು ಬಲ್ಲವರಿಗಾದರೋ ಈ ಎರಡನೆಯ ಪ್ರಶ್ನೆಯೇ ಮುಖ್ಯವೆಂದು ತೋರದಿರದು.

ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸಂಸ್ಥಾನವು ತನ್ನ ಬೊಕ್ಕಸದ ಹಣದಿಂದ ಕಟ್ಟಿ 1923ರಲ್ಲಿ ಉತ್ಪಾದನೆಗೆ ತೊಡಗಿಸಿದ ಕಾರ್ಖಾನೆಯಿದು. ಕಲ್ಲಿದ್ದಲು ಸಮೀಪದಲ್ಲೆಲ್ಲಿಯೂ ದೊರೆಯದ ನಾಡಿನಲ್ಲಿ, ಮಲೆನಾಡಿನ ಕಟ್ಟಿಗೆಯಿಂದ ಪಡೆದ ಇದ್ದಿಲಿನ ಬಲದಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ್ದು ಸಾಮಾನ್ಯ ಸಾಹಸವಲ್ಲ. ಆರಂಭದ ಕಷ್ಟದ ದಿನಗಳಲ್ಲಿ ವಿಶ್ವೇಶ್ವರಯ್ಯನವರು ಆಡಳಿತದ ಹೊಣೆ ಹೊತ್ತು ಅದನ್ನು ನೆಲೆಗೊಳಿಸಿದರು. ಕೇವಲ ಲಾಭವನ್ನೇ ಅಪೇಕ್ಷಿಸುವ ವಣಿಕನೊಬ್ಬನು ಇಂತಹ ಕಾರ್ಯಕ್ಕೆ ಕೈಯಿಕ್ಕುತ್ತಿದ್ದನೆಂದು ನಾನು ನಂಬಲಾರೆ. ಪ್ರಭುತ್ವದ ಒಡೆತನಕ್ಕೆ ಅಂದು ಸಾರ್ಥಕ್ಯವಿತ್ತು.

1989ರಲ್ಲಿ ಕಾರ್ಖಾನೆಯು ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿಯೇ ಲೀನವಾಯಿತು. ಕಾಲಕ್ರಮದಲ್ಲಿ ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿತು. ನವೀಕರಣಕ್ಕೆ ಬೇಕಾದಷ್ಟು ಬಂಡವಾಳವೂ ಒದಗಲಿಲ್ಲ. ಹೀಗೆ ಅದಿರಿಗೂ ಹಣಕ್ಕೂ ಪರದಾಡುವ ಸ್ಥಿತಿಯಲ್ಲಿದ್ದ ಕಾರ್ಖಾನೆಯ ಮಾರಾಟಕ್ಕೆ 2016ರಲ್ಲಿ ಕೇಂದ್ರ ಸರಕಾರದ ತಾತ್ತ್ವಿಕ ಸಮ್ಮತಿ ದೊರೆಯಿತು. 2019ರ ಆಹ್ವಾನಕ್ಕೆ ಓಗೊಟ್ಟವರೂ ಒಳಹೊಕ್ಕು ನೋಡಿದ ಮೇಲೆ ಮುಂದುವರಿಯಲಿಲ್ಲ; 2022ರ ಅಕ್ಟೋಬರಿನಲ್ಲಿ ಮಾರಾಟ ರದ್ದಾಯಿತು. 2023ರ ಜನವರಿಯಲ್ಲಿ ಪ್ರಾಧಿಕಾರವು ಕಾರ್ಖಾನೆಯನ್ನು ಮುಚ್ಚುವ ನಿರ್ಣಯ ಕೈಗೊಂಡಾಗ, ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು.

ಏರ್ ಇಂಡಿಯಾದ ಮಾರಾಟವೂ ಮೊದಲು ಹೀಗೆಯೇ ಮುಗ್ಗರಿಸಿತ್ತು. 2018ರಲ್ಲಿ ಶೇಕಡ 76ರಷ್ಟು ಷೇರನ್ನು ಮಾರಲು ಹೊರಟಾಗ ಒಬ್ಬನೂ ಬರಲಿಲ್ಲ. ಅನಂತರ ಸರಕಾರವು ಪೂರ್ಣ ಒಡೆತನವನ್ನೇ ಮುಂದಿಟ್ಟು, 46,000 ಕೋಟಿ ರೂಪಾಯಿಗೂ ಮಿಕ್ಕ ಸಾಲವನ್ನು ಪ್ರತ್ಯೇಕಿಸಿ ತನ್ನ ಕಡೆಯೇ ಉಳಿಸಿಕೊಂಡ ಮೇಲೆ, ಟಾಟಾ ಸಮೂಹವು 18,000 ಕೋಟಿಗೆ ಕೊಂಡು 2022ರ ಜನವರಿಯಲ್ಲಿ ವಶಕ್ಕೆ ತೆಗೆದುಕೊಂಡಿತು. ಆ ಮೊತ್ತದಲ್ಲಿ 15,300 ಕೋಟಿ ಸಾಲದ ಹೊರೆ. ಸರಕಾರದ ಕೈಸೇರಿದ ನಗದು 2,700 ಕೋಟಿ ಮಾತ್ರ. ಖಾಸಗೀಕರಣದಿಂದ ಬೊಕ್ಕಸವು ತುಂಬಿಬಿಡುವುದೆಂದು ಭಾವಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ತಡಮಾಡಿದ ಮಾರಾಟದಲ್ಲಿ ಹಳೆಯ ನಷ್ಟವು ಪ್ರಜೆಯ ಪಾಲಿಗೇ ಉಳಿಯುತ್ತದೆ.

ಆದುದರಿಂದ ಮಾರುವುದೇ ನಿಶ್ಚಯವಾದಲ್ಲಿ, ಉದ್ದಿಮೆಯು ಗಟ್ಟಿಯಾಗಿರುವಾಗಲೇ, ಅದಿರಿನ ಆಸರೆಯನ್ನು ಖಚಿತಪಡಿಸಿ ಮಾರಬೇಕು. ಏರ್ ಇಂಡಿಯಾದ ನೌಕರರನ್ನು ಒಂದು ವರ್ಷದವರೆಗೆ ತೆಗೆಯಬಾರದೆಂಬ ಕರಾರನ್ನು ವಿಧಿಸಲಾಗಿತ್ತು. ಭದ್ರಾವತಿಯಂಥ ಊರಿನಲ್ಲಿ ಅಷ್ಟು ಸಾಲದು, ಕರಾರಿನ ಅವಧಿ ದೀರ್ಘವಾಗಿರಬೇಕು, ಗುತ್ತಿಗೆ ಕಾರ್ಮಿಕರೂ ಅದರೊಳಗೆ ಸೇರಬೇಕು.