ಗೋಬರ್ ಗ್ಯಾಸಿನ ಕೊಳವೆಯನ್ನು ರಿಪೇರಿ ಮಾಡಿಸಿದ ಮೇಲೆ ಒಲೆಯನ್ನು ಹೊತ್ತಿಸುವ ಕ್ರಮ

ಸಗಣಿಯಿಂದ ಉರಿಯುವ ಅನಿಲವನ್ನು ಪಡೆದು ಅಡಿಗೆಗೆ ಉಪಯೋಗಿಸುವ ಪದ್ಧತಿಯು ನಮ್ಮ ನಾಡಿನ ಅನೇಕ ಗ್ರಾಮಗಳಲ್ಲಿ ನೆಲೆಗೊಂಡಿದೆ. ಶಿರಸಿ ಸೀಮೆಯ ತೋಟಿಗರ ಮನೆಗಳಲ್ಲಿ ಇದು ವಿಶೇಷವಾಗಿ ಬಳಕೆಯಲ್ಲಿದೆ. ಗುಂಡಿಯನ್ನು ಕಟ್ಟಿಸುವಾಗ ಯಜಮಾನರು ತೋರಿಸುವ ಆಸ್ಥೆಯು ಕೊಳವೆಯ ವಿಷಯದಲ್ಲಿ ಕಂಡುಬರುವುದು ಅಪೂರ್ವ. ಕೆಲಸದವನು ತುಕ್ಕುಹಿಡಿದ ಕೊಳವೆಯನ್ನು ತೆಗೆದು, ಹೊಸದನ್ನು ಜೋಡಿಸಿ, ಕೂಲಿ ಪಡೆದು ಸಂಜೆಗೆ ಹೊರಟುಹೋಗುವನು. ಬೆಳಗಿನಿಂದ ಒಲೆಯಿಲ್ಲದೆ ಇದ್ದ ಮನೆಯವರು ಕೂಡಲೆ ಕಡ್ಡಿ ಗೀರುವರು. ಅಪಾಯವಿರುವುದು ಈ ಅವಸರದಲ್ಲಿಯೇ.

ಸಗಣಿಯ ಅನಿಲದಲ್ಲಿ ನೂರಕ್ಕೆ 55ರಿಂದ 65 ಪಾಲು ಮಿಥೇನ್ ಇರುವುದು; ಉಳಿದುದು ಬಹುತೇಕ ಇಂಗಾಲಾಮ್ಲವಾಯು. ಮಿಥೇನ್ ಉರಿಯಬೇಕಾದರೆ ಅದು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ನೂರು ಪಾಲು ಮಿಶ್ರಣದಲ್ಲಿ ಸುಮಾರು 5 ಪಾಲಿಗಿಂತ ಕಡಿಮೆಯಿದ್ದರೆ ಅದು ಹೊತ್ತಲಾರದು. 15 ಪಾಲನ್ನು ಮೀರಿದರೂ ಹೊತ್ತಲಾರದು. ಇವೆರಡರ ನಡುವಣ ಮಿಶ್ರಣವಾದರೋ ಕಿಡಿ ತಗಲಿದೊಡನೆ ಒಮ್ಮೆಗೇ ಉರಿದು ಸಿಡಿಯುವುದು. ಒಲೆಯು ನಿತ್ಯವೂ ನಡೆಯುತ್ತಿರುವಾಗ ಕೊಳವೆಯೊಳಗೆ ಅನಿಲವೊಂದೇ ತುಂಬಿರುವುದರಿಂದ ಜ್ವಾಲೆಯು ಒಳಹೋಗಲಾರದು. ಕೊಳವೆಯನ್ನು ಬಿಚ್ಚಿದೊಡನೆ ಅದರೊಳಗೆ ಗಾಳಿ ಸೇರುವುದು. ಮತ್ತೆ ವಾಲ್ವನ್ನು ತೆರೆದಾಗ ಮೊದಲು ಬರಿಯ ಗಾಳಿ, ಬಳಿಕ ಮಿಶ್ರಣ, ಕೊನೆಗೆ ಅನಿಲ, ಈ ಕ್ರಮದಲ್ಲಿ ಹೊರಬರುವುದು. ಉರಿಯುವ ಕಡ್ಡಿಯನ್ನು ಹಿಡಿದು ಕಾಯುತ್ತಿರುವವನು ನಡುವಣ ಆ ಮಿಶ್ರಣವನ್ನೇ ಇದಿರುನೋಡುತ್ತಿರುವನೆಂದು ತಿಳಿಯತಕ್ಕದ್ದು.

ತಾಳ್ಮೆಯಿಂದ ಇರಬೇಕಾದ ಕಾಲವಾದರೂ ಬಹಳವಲ್ಲ. ಅರ್ಧ ಅಂಗುಲ ಒಳವ್ಯಾಸದ ಕೊಳವೆಯು 100 ಅಡಿ ಉದ್ದವಿದ್ದರೆ ಅದರಲ್ಲಿ ಹಿಡಿಯುವುದು ಸುಮಾರು 4 ಲೀಟರು. ಒಂದು ಅಂಗುಲದ್ದಾದರೆ 15 ಲೀಟರಿಗೆ ಸ್ವಲ್ಪ ಹೆಚ್ಚು. ಗಂಟೆಗೆ 450 ಲೀಟರು ಉರಿಸುವ ಒಲೆಯ ಮೂಲಕ ನಿಮಿಷಕ್ಕೆ ಏಳೂವರೆ ಲೀಟರು ಹೊರಬೀಳುವುದು. ಆದಕಾರಣ ಮೊದಲನೆಯದು ಒಂದು ನಿಮಿಷದೊಳಗೂ ಎರಡನೆಯದು ಎರಡು ಮೂರು ನಿಮಿಷಗಳಲ್ಲಿಯೂ ಬರಿದಾಗುವುವು. ಅನಿಲವೂ ಗಾಳಿಯೂ ದಾರಿಯಲ್ಲಿ ಬೆರೆಯುವುದರಿಂದ ಇದರ ಇಮ್ಮಡಿ ಕಾಲವನ್ನು ಕೊಡುವುದು ಕ್ಷೇಮಕರ.

ಕೆಲಸದವನನ್ನು ಕಳುಹಿಸುವುದಕ್ಕೆ ಮುಂಚೆಯೇ, ಅವನ ಸಮಕ್ಷಮದಲ್ಲಿ, ಅಡಿಗೆಮನೆಯ ನಲ್ಲಿಯನ್ನು ಮುಚ್ಚಿ ಗುಂಡಿಯ ಬಳಿಯ ವಾಲ್ವನ್ನು ತೆರೆಯಿಸಿ ಪ್ರತಿಯೊಂದು ಸಂದಿಗೂ ಸಾಬೂನಿನ ನೊರೆಯನ್ನು ಹಚ್ಚಿ ನೋಡಬೇಕು. ಗುಳ್ಳೆ ಎದ್ದ ಕಡೆಯಲ್ಲಿ ಸೋರಿಕೆಯುಂಟು. ಕಡ್ಡಿಯನ್ನು ಹಿಡಿದು ನೋಡುವ ರೂಢಿ ಕೆಲವರಲ್ಲಿದೆ. ಅದು ಪರೀಕ್ಷೆಯಲ್ಲ, ಪಣ. ಅನಂತರ ಸೌದೆ ಒಲೆ, ದೇವರ ದೀಪ, ಬೀಡಿ ಎಲ್ಲವನ್ನೂ ಆರಿಸಿ, ವಿದ್ಯುತ್ತಿನ ಸ್ವಿಚ್ಚನ್ನು ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು. ಒಲೆಗೆ ಸೇರಿಸಿದ ರಬ್ಬರ್ ಟ್ಯೂಬನ್ನು ಕಳಚಿ ಅದರ ತುದಿಯನ್ನು ಕಿಟಕಿಯಿಂದ ಬಯಲಿಗೆ ಚಾಚಿ, ಮೇಲೆ ಹೇಳಿದ ಕಾಲದವರೆಗೆ ನಲ್ಲಿಯನ್ನು ತೆರೆದಿಡತಕ್ಕದ್ದು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾಗಿ ನೆಲಹಿಡಿದು ನಿಲ್ಲುವುದು. ಸಗಣಿಯ ಅನಿಲವು ಗಾಳಿಗಿಂತ ತುಸು ಹಗುರ. ಹೀಗಿರುವುದರಿಂದ ಮಾಡಿನ ಕೆಳಗಣ ಗವಾಕ್ಷಿಯೂ ತೆರೆದಿರಬೇಕು.

ಟ್ಯೂಬನ್ನು ಮತ್ತೆ ಜೋಡಿಸಿ, ಹತ್ತು ನಿಮಿಷ ಗಾಳಿಯಾಡಲು ಬಿಟ್ಟು, ಮೊದಲು ಕಡ್ಡಿಯನ್ನು ಗೀರಿ ಬರ್ನರಿನ ಹತ್ತಿರ ಹಿಡಿದು ಆಮೇಲೆ ನಲ್ಲಿಯನ್ನು ತಿರುಗಿಸಬೇಕು. ಕೆಲವು ಕ್ಷಣಗಳಲ್ಲಿ ಹೊತ್ತದಿದ್ದರೆ ನಲ್ಲಿಯನ್ನು ಮುಚ್ಚಿ ಐದು ನಿಮಿಷ ಬಿಡತಕ್ಕದ್ದು. ಮೇಲಿಂದ ಮೇಲೆ ಕಡ್ಡಿ ಗೀರಕೂಡದು. ಜ್ವಾಲೆಯು ಬರ್ನರನ್ನು ಬಿಟ್ಟು ಮೇಲೆದ್ದು ಆರುತ್ತಿದ್ದರೆ ಗಾಳಿಯ ಕಿಂಡಿಯನ್ನು ತುಸು ಕಿರಿದು ಮಾಡಬೇಕು. ಉರಿಯು ಬಿಟ್ಟುಬಿಟ್ಟು ಕುಣಿಯುತ್ತಿದ್ದರೆ ಕೊಳವೆಯ ತಗ್ಗಿನಲ್ಲಿ ನೀರು ನಿಂತಿದೆಯೆಂದು ಅರ್ಥ. ಹೊಸ ಕೊಳವೆಯನ್ನು 100 ಅಡಿಗೆ 1 ಅಡಿಯಂತೆ ಇಳಿಜಾರಾಗಿ ಹಾಕಿಸಿ, ತಗ್ಗಿನಲ್ಲಿ ನೀರು ತೆಗೆಯುವ ತಿರುಪನ್ನು ಇಡಿಸಿದರೆ ಈ ಕಾಟವಿಲ್ಲ.

ಕೊಳವೆಯಷ್ಟೇ ಅಲ್ಲದೆ, ಬಣ್ಣ ಹಚ್ಚುವುದಕ್ಕಾಗಿ ತೇಲುವ ಡ್ರಮ್ಮನ್ನು ಎತ್ತಿದ್ದರೆ, ಅಥವಾ 1984ರಲ್ಲಿ ರೂಪುಗೊಂಡ ದೀನಬಂಧು ಮಾದರಿಯ ಗುಮ್ಮಟವನ್ನು ಬರಿದು ಮಾಡಿದ್ದರೆ, ವಿಷಯವು ಇನ್ನೂ ಗುರುತರವಾದುದು. ಅಲ್ಲಿ ಗಾಳಿ ಸೇರಿರುವುದು ನಾಲ್ಕು ಲೀಟರಲ್ಲ, ನೂರಾರು ಲೀಟರು. ಮೊದಲ ಒಂದೆರಡು ಸಲ ತುಂಬಿದ ಅನಿಲವನ್ನು ಉರಿಸದೆ ಪೂರಾ ಬಯಲಿಗೆ ಬಿಡಬೇಕು. ಎರಡು ದಿನದ ಉರುವಲು ನಷ್ಟವಾಯಿತೆಂದು ಮನೆಯವರು ಗೊಣಗಬಹುದು. ಯಜಮಾನರು ಅದಕ್ಕೆ ಕಿವಿಗೊಡಬಾರದು. ಗುಂಡಿಯ ಮೇಲಿನ ಕೊಳವೆಯ ಬಾಯಿಗೆ ನೇರವಾಗಿ ಬೆಂಕಿ ಹಿಡಿಯುವುದನ್ನು ಯಾವ ಕಾಲಕ್ಕೂ ಮಾಡಕೂಡದು.

ರಿಪೇರಿಯ ನೆಪದಿಂದ ಗುಂಡಿಗೆ ಇಳಿಯುವುದನ್ನಂತೂ ಊರಿನ ಹಿರಿಯರು ಕಟ್ಟುನಿಟ್ಟಾಗಿ ತಡೆಯಬೇಕು. ಅಲ್ಲಿ ಉಸಿರಿಗೆ ಬೇಕಾದ ಆಮ್ಲಜನಕವು ಸಾಲದು. ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವು ಕೊಳೆತ ಮೊಟ್ಟೆಯಂತೆ ನಾರುವುದಾದರೂ, ಅದು ಹೆಚ್ಚಾದಾಗ ಮೂಗು ಆ ನಾತವನ್ನು ಗ್ರಹಿಸಲಾರದು. ಒಳಗೆ ಬಿದ್ದವನನ್ನು ಎತ್ತಲು ಹಾರಿದವನೂ ಅವನ ಪಕ್ಕದಲ್ಲಿಯೇ ಬೀಳುವನು. ಬಗ್ಗಡವನ್ನು ಹೊರಗೆ ನಿಂತೇ ಪಂಪಿನಿಂದಲೋ ಉದ್ದ ಹಿಡಿಯ ಬಕೆಟ್ಟಿನಿಂದಲೋ ತೆಗೆಸತಕ್ಕದ್ದು.