ಟ್ರ್ಯಾಕ್ ಕಾರಿನ ಇದ್ದಿಲು ಡಬ್ಬಿ ಕಳಚಿದರೆ ಸಾಲದು, ಟ್ಯಾಂಕಿ ಉಸಿರಾಡಬೇಕು

ಮುಂಬ್ರಾ ಎಂದೊಡನೆ ಹೊರಗಿನವರ ಕಣ್ಣಮುಂದೆ ಬರುವುದು ಪಾರ್ಸಿಕ್ ಗುಡ್ಡ, ಮುಂಬ್ರಾದೇವಿಯ ಮೆಟ್ಟಿಲುಗಳು ಮತ್ತು ಬೈಪಾಸಿನಲ್ಲಿ ಸಾಲುಗಟ್ಟಿ ನಿಲ್ಲುವ ಕಂಟೇನರ್ ಲಾರಿಗಳು. ಆದರೆ ಊರೊಳಗಿನಿಂದ ಕೌಸಾ ದಾಟಿ ಶಿಲ್‌ಫಾಟಾ ಕಡೆಗೆ ಸಾಗುವ ಹಳೆಯ ರಸ್ತೆಗೆ ಇನ್ನೊಂದು ಗುರುತೂ ಉಂಟು. ಥಾಣೆಯಿಂದ ಹೊರಟು ಪುಣೆ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಮಾರ್ಗವಾಗಿ ಚೆನ್ನೈ ಸೇರುತ್ತಿದ್ದ ಹಿಂದಿನ ರಾಷ್ಟ್ರೀಯ ಹೆದ್ದಾರಿ 4 ಇದೇ. ನಮ್ಮವರು ಊರಿಗೆ ಹೋಗಿಬರುತ್ತಿದ್ದ ಆ ಹೆದ್ದಾರಿಯ ಇನ್ನೊಂದು ತುದಿಯಲ್ಲಿ, ಚೆನ್ನೈ ಮುಟ್ಟುವ ಮೊದಲು ಸಿಗುವ ಇರುಂಗಾಟ್ಟುಕೋಟ್ಟೈಯಲ್ಲಿ, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಇದೆ. ದೇಶದ ಕಾರ್ ರೇಸಿನ ದೊಡ್ಡ ಪಾಲು 1990ರಿಂದ ನಡೆದು ಬಂದಿರುವುದು ಅಲ್ಲಿ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟ್ ಬಂದದ್ದು 2011ರಲ್ಲಿ.

ಹಳೆಯ ಎಸ್ಟೀಮನ್ನೋ ಸ್ವಿಫ್ಟನ್ನೋ ಕೊಂಡು ಟ್ರ್ಯಾಕಿಗೆಂದೇ ಸಿದ್ಧಪಡಿಸುವ ಹವ್ಯಾಸ ನಮ್ಮ ಉಪನಗರಗಳ ಹುಡುಗರಿಗೂ ಹೊಸತಲ್ಲ. ಹಿಂದಿನ ಸೀಟು, ಏಸಿ, ಕಾರ್ಪೆಟ್ ಒಂದೊಂದಾಗಿ ಹೊರಬರುತ್ತವೆ. ಕೊನೆಗೆ ಕಣ್ಣು ಬೀಳುವುದು ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಮೇಲೆ. ಕೆಲವು ಗಾಡಿಗಳಲ್ಲಿ ಇದು ಬಾನೆಟ್ಟಿನ ಕೆಳಗೆ, ಕೆಲವಲ್ಲಿ ಟ್ಯಾಂಕಿಯ ಹತ್ತಿರ ಇರುತ್ತದೆ. ಮಿಸ್ತ್ರಿಗಳ ಬಾಯಲ್ಲಿ ಇದು ಕ್ಯಾನಿಸ್ಟರ್. ಒಳಗಿರುವುದು ಇದ್ದಿಲು. ‘ರೇಸ್ ಗಾಡಿಗೆ ಇದೇಕೆ?’ ಎಂದು ಐದು ನಿಮಿಷದಲ್ಲಿ ಕಳಚಿ, ಪೈಪಿನ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಬಿಗಿದರೆ ಕೆಲಸ ಮುಗಿಯಿತೆಂದು ತಿಳಿಯುವವರಿದ್ದಾರೆ. ತೊಂದರೆ ಶುರುವಾಗುವುದೇ ಆ ಬೋಲ್ಟಿನಿಂದ.

ಪೆಟ್ರೋಲು ಬಿಸಿಲಿಗೆ ಆವಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಆವಿ ಗಾಳಿಗೆ ಸೇರಬಾರದೆಂದು ಎಂಪಿಎಫ್‌ಐ ಕಾರುಗಳಲ್ಲಿ ಅದನ್ನು ಟ್ಯಾಂಕಿಯಿಂದ ಪೈಪಿನ ಮೂಲಕ ಇದ್ದಿಲಿನ ಡಬ್ಬಿಗೆ ಒಯ್ಯುತ್ತಾರೆ. ಇದ್ದಿಲು ಆವಿಯನ್ನು ಹಿಡಿದಿಡುತ್ತದೆ. ಇಂಜಿನ್ ಬಿಸಿಯಾದ ಮೇಲೆ ಕಂಪ್ಯೂಟರಿನ ಆದೇಶದಂತೆ ಪರ್ಜ್ ವಾಲ್ವ್ ತೆರೆದುಕೊಂಡು, ಇಂಜಿನ್ನು ಡಬ್ಬಿಯ ಮೂಲಕ ಹೊರಗಿನ ಗಾಳಿಯನ್ನು ಎಳೆದು, ಹಿಡಿದಿಟ್ಟ ಆವಿಯನ್ನೂ ಸುಟ್ಟುಬಿಡುತ್ತದೆ. ಇದೇ ವ್ಯವಸ್ಥೆಗೆ ಎರಡನೆಯ ಕೆಲಸವೂ ಇದೆ. ಪೆಟ್ರೋಲು ಖರ್ಚಾದಂತೆ ಟ್ಯಾಂಕಿಯೊಳಗೆ ಗಾಳಿ ಬರಬೇಕು. ಆ ಗಾಳಿ ಬರುವುದೂ ಈ ಡಬ್ಬಿಯ ದಾರಿಯಿಂದಲೇ. ಅರ್ಥಾತ್ ಟ್ಯಾಂಕಿಯ ಮೂಗು ಇದು.

ಮೂಗಿಗೆ ಬೋಲ್ಟ್ ಹೊಡೆದರೆ ಏನಾದೀತು? ಪಂಪು ಪೆಟ್ರೋಲು ಎಳೆದಷ್ಟೂ ಟ್ಯಾಂಕಿಯೊಳಗೆ ನಿರ್ವಾತ ಹೆಚ್ಚುತ್ತದೆ. ಮುಚ್ಚಳದಲ್ಲಿ ಗಾಳಿ ಒಳಗೆ ಬಿಡುವ ಸಣ್ಣ ವಾಲ್ವ್ ಇದ್ದು ಸರಿಯಾಗಿದ್ದರೆ ಬಚಾವು. ಅದೂ ಹಳೆಯದಾಗಿ ಅಂಟಿಕೊಂಡಿದ್ದರೆ ನಾಲ್ಕೈದು ಸುತ್ತಿನಲ್ಲಿ ಇಂಜಿನ್ನು ಮುಗ್ಗರಿಸುತ್ತದೆ, ಟ್ಯಾಂಕಿ ಒಳಕ್ಕೆ ಚಪ್ಪಟೆಯಾಗುವುದೂ ಉಂಟು. ಅದೇ ಗಾಡಿ ಬಿಸಿಲಲ್ಲಿ ನಿಂತಿತೆನ್ನಿ, ಆಗ ಪರಿಸ್ಥಿತಿ ತಿರುಗುಮುರುಗು. ಪೆಟ್ರೋಲು 10 ಡಿಗ್ರಿ ಬಿಸಿಯೇರಿದರೆ ಸುಮಾರು ಶೇ. 1ರಷ್ಟು ಹಿಗ್ಗುತ್ತದೆ. 40 ಲೀಟರ್ ತುಂಬಿದ ಟ್ಯಾಂಕಿಯಲ್ಲಿ 20 ಡಿಗ್ರಿಗೆ ಮುಕ್ಕಾಲು ಲೀಟರ್ ಹೆಚ್ಚಾಯಿತು. ಆವಿಯ ಒತ್ತಡ ಬೇರೆ. ಎಲ್ಲಿ ಹಳೆಯ ರಬ್ಬರ್ ಪೈಪು ಬಿರಿದಿದೆಯೋ ಅಲ್ಲಿಂದ ಹೊರಬರುತ್ತದೆ.

ಹಾಗೆಂದು ಕಳಚುವವರ ವಾದದಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಟ್ರ್ಯಾಕಿನ ತಿರುವುಗಳಲ್ಲಿ ತುಂಬಿದ ಟ್ಯಾಂಕಿಯ ಪೆಟ್ರೋಲು ಒಂದು ಪಕ್ಕಕ್ಕೆ ನುಗ್ಗಿ ಆವಿಯ ಪೈಪಿಗೇ ಏರುತ್ತದೆ. ದ್ರವ ಸೇರಿದ ಇದ್ದಿಲು ಕೆಲಸಕ್ಕೆ ಬಾರದು; ಪರ್ಜ್ ವಾಲ್ವ್ ತೆರೆದಾಗ ಇಂಜಿನ್ನಿಗೆ ಲೆಕ್ಕವಿಲ್ಲದ ಪೆಟ್ರೋಲು ಹೋಗುತ್ತದೆ. ಹೊರಗಿನ ಕಂಪ್ಯೂಟರ್ ಕೂರಿಸಿದ ಗಾಡಿಗಳಲ್ಲಿ ಪರ್ಜ್ ವಾಲ್ವಿಗೆ ಆದೇಶ ಕೊಡುವವರೇ ಇಲ್ಲದಿರಬಹುದು. ತೂಕ ಉಳಿಯುತ್ತದೆ ಎಂಬ ಮಾತು ಮಾತ್ರ ನಗೆಪಾಟಲು. ಒಂದೆರಡು ಕಿಲೋ ಉಳಿಸಬೇಕಿದ್ದರೆ ಚಾಲಕನೇ ವಡಾಪಾವ್ ಬಿಡಬಹುದು.

ಕಳಚುವುದೇ ಆದರೆ ಬದಲಿ ವ್ಯವಸ್ಥೆ ಅದೇ ದಿನ ಆಗಬೇಕು. ಟ್ಯಾಂಕಿಯ ಅತಿ ಎತ್ತರದ ಜಾಗದಿಂದ ಉಸಿರಿನ ಪೈಪು ಹೊರಡಬೇಕು. ಅದರಲ್ಲಿ ಗಾಡಿ ಮಗುಚಿದಾಗ ತಾನಾಗಿ ಮುಚ್ಚಿಕೊಳ್ಳುವ ರೋಲ್‌ಓವರ್ ವಾಲ್ವ್ ಇರಲೇಬೇಕು. ಪೈಪು ಟ್ಯಾಂಕಿಗಿಂತ ಮೇಲೇರಿ, ಇನ್ನೊಂದು ಪಕ್ಕಕ್ಕೆ ಸುತ್ತಿ, ಆಮೇಲೆ ಕೆಳಗಿಳಿದರೆ ತಿರುವಿನಲ್ಲಿ ದ್ರವ ಹೊರಚೆಲ್ಲುವುದು ಕಡಿಮೆ. ಅದರ ಬಾಯಿ ಗಾಡಿಯ ಮೈಯಿಂದ ಹೊರಗೆ, ಸೈಲೆನ್ಸರ್ ಪೈಪಿನಿಂದ ದೂರ ಇರಬೇಕು. ಡಿಕ್ಕಿಯೊಳಗೆ ಬಿಡಲೇಬಾರದು. ಪೈಪು ಪೆಟ್ರೋಲಿಗೆಂದೇ ತಯಾರಾದದ್ದಾಗಿರಬೇಕು. ಹಾರ್ಡ್‌ವೇರ್ ಅಂಗಡಿಯ ನೀರಿನ ಪೈಪು ಕೆಲವೇ ದಿನಗಳಲ್ಲಿ ಊದಿಕೊಂಡು ಬಿರಿಯುತ್ತದೆ. ಇಂಜಿನ್ ಪಕ್ಕದಲ್ಲಿ ಪರ್ಜ್ ಪೈಪು ಬಂದು ಸೇರುತ್ತಿದ್ದ ತೂತನ್ನು ಮಾತ್ರ ಭದ್ರವಾಗಿ ಮುಚ್ಚಬೇಕು, ಇಲ್ಲದಿದ್ದರೆ ಅಲ್ಲಿಂದ ಗಾಳಿ ಎಳೆದು ಐಡ್ಲಿಂಗ್ ಏರಿಳಿಯುತ್ತದೆ. ಮುಚ್ಚಬೇಕಾದದ್ದು ಇಂಜಿನ್ ತುದಿ, ತೆರೆದಿರಬೇಕಾದದ್ದು ಟ್ಯಾಂಕಿ ತುದಿ. ಎಷ್ಟೋ ಕಡೆ ಇದೇ ಅದಲುಬದಲಾಗುತ್ತದೆ.

ಈ ನಿಯಮಗಳು ಯಾರೋ ಕುಳಿತು ಬರೆದ ಪುಸ್ತಕದ ಬದನೆಕಾಯಿಯಲ್ಲ. ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ ‘ಫಾರ್ಮುಲಾ ಮಣಿಪಾಲ್’ ತಂಡದಂತಹವು ಕಾರು ಕಟ್ಟಿ ಇಳಿಯುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲೂ, ಪೆಟ್ರೋಲ್ ಕಾರಾದರೆ, ಟ್ಯಾಂಕಿ ತಲೆಕೆಳಗಾದರೂ ಉಸಿರಿನ ಪೈಪಿನಿಂದ ಇಂಧನ ಸುರಿಯದಂತೆ ವಾಲ್ವ್ ಇರಬೇಕು, ಪೈಪಿನ ಬಾಯಿ ಮೈಯಿಂದ ಹೊರಗಿರಬೇಕು ಎಂಬುದು ಕಡ್ಡಾಯ. ಊರಿನ ಮಕ್ಕಳು ಕಾಲೇಜಿನಲ್ಲಿ ಪಾಲಿಸುವುದನ್ನು ದುಡ್ಡು ಸುರಿದು ಗಾಡಿ ಕಟ್ಟುವವರು ಕಡೆಗಣಿಸುವುದು ಸಲ್ಲ. 2020ರ ನವೆಂಬರ್ 29ರಂದು ಬಹ್ರೇನ್ ರೇಸಿನಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು ತಡೆಗೋಡೆ ಸೀಳಿ ಉರಿದದ್ದನ್ನು ಟಿವಿಯಲ್ಲಿ ಅನೇಕರು ಕಂಡಿದ್ದಾರೆ. ಬೆಂಕಿಯಿಂದ ಹೊರಬರಲು ಅವರಿಗೆ 28 ಸೆಕೆಂಡು ಹಿಡಿಯಿತು. ಟ್ಯಾಂಕಿಯ ತಪಾಸಣಾ ಮುಚ್ಚಳ ಜರುಗಿದ್ದು, ಇಂಜಿನ್ನಿಗೆ ಇಂಧನ ಒಯ್ಯುವ ಜೋಡಣೆ ಟ್ಯಾಂಕಿಯ ಸುರಕ್ಷಾ ಚೀಲದಿಂದ ಕಿತ್ತುಬಂದದ್ದು, ಇವೇ ಇಂಧನ ಸೋರಲು ಕಾರಣವೆಂದು ಎಫ್‌ಐಎ ತನಿಖೆ ಹೇಳಿತು. ಕೋಟಿಗಟ್ಟಲೆ ಬೆಲೆಯ ಗಾಡಿಯಲ್ಲಿ ಸೋತದ್ದು ಮುಚ್ಚಳ ಮತ್ತು ಜೋಡಣೆ.

ಟ್ರ್ಯಾಕಿಗಿಂತ ಹತ್ತಿರದ ಅಪಾಯ ನಮ್ಮ ಕಟ್ಟಡಗಳ ಕೆಳಗಿದೆ. ಮುಂಬ್ರಾ, ಕಲ್ವಾ, ಡೊಂಬಿವಲಿಗಳಲ್ಲಿ ಕೆಳಗೆ ಗಾಳೆ, ಮೇಲೆ ಮನೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗದೆ ನೆಲದಲ್ಲಿ ಹರಿದು ಗ್ಯಾರೇಜಿನ ಗುಂಡಿಯಲ್ಲಿ, ಗಟಾರದಲ್ಲಿ ತಂಗುತ್ತದೆ. ಗಾಳಿಯಲ್ಲಿ ಅದು ಶೇ. 1.4ರಷ್ಟಿದ್ದರೂ ಒಂದು ಕಿಡಿ ಸಾಕು. ಇದ್ದಿಲಿನ ಡಬ್ಬಿ ಇಲ್ಲದ ಗಾಡಿ ರಾತ್ರಿಯಿಡೀ ಆವಿ ಬಿಡುತ್ತಲೇ ಇರುತ್ತದೆ. ಆದ್ದರಿಂದ ತಿಳಿದವರು ಟ್ರ್ಯಾಕ್ ಕಾರಿನಲ್ಲೂ ಡಬ್ಬಿಯನ್ನು ಉಳಿಸಿಕೊಂಡು, ಎತ್ತರಕ್ಕೆ ಸರಿಸಿ, ನಡುವೆ ದ್ರವವನ್ನು ಬೇರ್ಪಡಿಸಿ ಟ್ಯಾಂಕಿಗೆ ಮರಳಿಸುವ ಸಣ್ಣ ಪಾತ್ರೆ ಜೋಡಿಸುತ್ತಾರೆ. ಸ್ವಂತ ಶೆಡ್ಡು ಇಲ್ಲದವರಿಗೆ ಇದೇ ಲೇಸು.

ಇನ್ನು ಕಾನೂನು. ಡಬ್ಬಿ ಕಳಚಿದ ಕಾರು ರಸ್ತೆಗೆ ಸಲ್ಲದು. ಅನುಮತಿಯಿಲ್ಲದ ಬದಲಾವಣೆಗೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ ಮಾಲೀಕನಿಗೆ ಆರು ತಿಂಗಳ ತನಕ ಸೆರೆ ಇಲ್ಲವೆ ಬದಲಾವಣೆಯೊಂದಕ್ಕೆ 5,000 ರೂ. ದಂಡ, ಅಥವಾ ಎರಡೂ. ಹೈರ್ ಪರ್ಚೇಸಿನಲ್ಲಿರುವ ಗಾಡಿಯನ್ನು ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟುವಂತೆಯೂ ಇಲ್ಲ. ಖಾಸಗಿ ಕಾರಿನ ಸಾಮಾನ್ಯ ವಿಮೆ ರೇಸು, ವೇಗ ಪರೀಕ್ಷೆಗಳನ್ನು ಒಳಗೊಳ್ಳುವುದಿಲ್ಲ; ಪಾಲಿಸಿಯ ಹಿಂಬದಿ ಓದುವವರು ಕಡಿಮೆ ಎಂಬುದಷ್ಟೇ ವಿಷಯ. ಹಾಗಾಗಿ ಇಂತಹ ಕಾರು ಮುಂಬ್ರಾದಿಂದ ಹೊರಡಬೇಕಾದದ್ದು ಟ್ರಕ್ಕಿನ ಬೆನ್ನೇರಿ. ಚೆನ್ನೈಯಾಗಲಿ ಕೊಯಮತ್ತೂರಾಗಲಿ ಸಾವಿರ ಕಿ.ಮೀ.ಗೂ ಮಿಕ್ಕಿದ ದಾರಿ, ಬಾಡಿಗೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಸಾಗಿಸುವಾಗ ಟ್ಯಾಂಕಿ ತುಂಬಿರಬಾರದು.

ಕಳಚಿಟ್ಟ ಡಬ್ಬಿಯನ್ನು ಭಂಗಾರಿನವನಿಗೆ ಕೊಡುವ ಅವಸರ ಬೇಡ. ಒಳಗಿನ ಇದ್ದಿಲು ಆವಿ ಹೀರಿಕೊಂಡೇ ಇರುತ್ತದೆ, ಗ್ಯಾಸ್ ವೆಲ್ಡಿಂಗ್ ಪಕ್ಕದಲ್ಲಿ ಅದನ್ನು ಬಿಸಾಡುವುದೆಂದರೆ ಪೆಟ್ರೋಲಿನ ಬಾಟಲಿ ಇಟ್ಟಂತೆ. ಅದರ ಬಾಯಿಗಳನ್ನು ಮುಚ್ಚಿ ತಂಪಾದ, ಗಾಳಿಯಾಡುವ ಜಾಗದಲ್ಲಿ ಎತ್ತಿಡಬೇಕು. ಗಾಡಿಯನ್ನು ಮತ್ತೆ ರಸ್ತೆಗಿಳಿಸುವ ಮನಸ್ಸಾದರೆ ಮೊದಲು ಬೇಕಾಗುವುದೂ ಅದೇ.