ಹಳೆಯ ಪಿಕಪ್ ವಾಹನಕ್ಕೆ ಪವರ್ ಬ್ರೇಕ್: ಮಂಜೂರಾತಿಗೆ ಮುನ್ನ ಸದಸ್ಯರು ಅರಿತಿರಬೇಕಾದ ಅಂಶಗಳು

ಗ್ರಾಮ ಪಂಚಾಯಿತಿಗಳ ಅಧೀನದಲ್ಲಿರುವ ಸ್ವಚ್ಛ ವಾಹಿನಿಗಳು, ಕುಡಿಯುವ ನೀರಿನ ಟ್ಯಾಂಕ್ ಹೊರುವ ಪಿಕಪ್‌ಗಳು ಹಾಗೂ ಬಾಡಿಗೆಗೆ ಪಡೆದ ಸರಕು ವಾಹನಗಳು ಪ್ರತಿದಿನವೂ ಜನವಸತಿಯ ನಡುವೆಯೇ ಸಂಚರಿಸುತ್ತವೆ. ಶಾಲೆಯ ಮುಂಭಾಗ, ಅಂಗನವಾಡಿಯ ಓಣಿ, ಸಂತೆ ಮೈದಾನ, ಕೆರೆ ಏರಿಯ ಇಳಿಜಾರು ಇವೆಲ್ಲವೂ ಅವುಗಳ ದಾರಿಯಲ್ಲಿವೆ. ಅನೇಕ ಪಂಚಾಯಿತಿಗಳಲ್ಲಿ ಸಂಜೀವಿನಿ ಒಕ್ಕೂಟದ ಮಹಿಳೆಯರೇ ತರಬೇತಿ ಪಡೆದು ಸ್ವಚ್ಛ ವಾಹಿನಿಯನ್ನು ಚಲಾಯಿಸುತ್ತಿದ್ದಾರೆ. ಮನೆಮನೆಯ ಮುಂದೆ ನಿಲ್ಲಿಸಿ ಹೊರಡುವ ಈ ಕಾರ್ಯದಲ್ಲಿ ಬ್ರೇಕ್ ಪೆಡಲನ್ನು ಮೇಲಿಂದ ಮೇಲೆ ಒತ್ತಬೇಕಾಗುತ್ತದೆ. ಪೆಡಲ್ ಗಟ್ಟಿಯಾಗಿದ್ದಲ್ಲಿ ಕಾಲು ಸೋಲುತ್ತದೆ. ಕಾಲು ಸೋತಲ್ಲಿ ವಾಹನ ತಡವಾಗಿ ನಿಲ್ಲುತ್ತದೆ.

ಇಂತಹ ದೂರು ಬಂದಾಗ ಹಳೆಯ ವಾಹನಕ್ಕೆ ಪವರ್ ಬ್ರೇಕ್ ಅಳವಡಿಸಬೇಕೆಂಬ ಪ್ರಸ್ತಾವನೆ ಸಾಮಾನ್ಯ ಸಭೆಯ ಮುಂದೆ ಬರುವುದು ಸಹಜ. ಪ್ರಸ್ತಾವನೆಯ ಉದ್ದೇಶ ಸರಿಯಾದುದೇ. ಆದರೆ ಪವರ್ ಬ್ರೇಕ್ ಎಂಬುದು ಚಾಲಕರ ಕಾಲಿನ ಶ್ರಮವನ್ನು ತಗ್ಗಿಸುವ ಸಾಧನವೇ ಹೊರತು, ಸವೆದ ಬ್ರೇಕಿಗೆ ಹೊಸ ಜೀವ ಕೊಡುವ ಸಾಧನವಲ್ಲ. ಈ ವ್ಯತ್ಯಾಸವನ್ನು ಅರಿಯದೆ ನೀಡಿದ ಮಂಜೂರಾತಿಯಿಂದ ಹಣವೂ ವ್ಯರ್ಥವಾಗಬಹುದು, ಅಪಾಯವೂ ಹೆಚ್ಚಬಹುದು. ಆದ್ದರಿಂದ ವಿಷಯವನ್ನು ಮೂಲದಿಂದ ವಿವರಿಸಲಾಗಿದೆ.

ಒತ್ತಿದ ಬಲ ಚಕ್ರವನ್ನು ತಲುಪುವ ಬಗೆ

ಪೆಡಲ್ ಎಂಬುದು ಒಂದು ಸನ್ನೆಗೋಲು. ಸನ್ನೆಯ ಅನುಪಾತ 5 ಇದ್ದಲ್ಲಿ, ಕಾಲಿನಿಂದ ಹಾಕಿದ 20 ಕಿಲೋಗ್ರಾಂ ಬಲವು ಮಾಸ್ಟರ್ ಸಿಲಿಂಡರಿನ ದಂಡದ ಮೇಲೆ 100 ಕಿಲೋಗ್ರಾಂ ಆಗುತ್ತದೆ. ಮಾಸ್ಟರ್ ಸಿಲಿಂಡರಿನೊಳಗಿನ ಬ್ರೇಕ್ ಆಯಿಲ್ ಈ ಒತ್ತಡವನ್ನು ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ಒಯ್ಯುತ್ತದೆ. ಡ್ರಮ್ ಬ್ರೇಕಿನಲ್ಲಿ ಲೈನಿಂಗ್ ಅಂಟಿಸಿದ ಶೂಗಳು ಅಗಲಗೊಂಡು ತಿರುಗುವ ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ಡಿಸ್ಕ್ ಬ್ರೇಕಿನಲ್ಲಿ ಎರಡು ಪ್ಯಾಡ್‌ಗಳು ತಿರುಗುವ ತಟ್ಟೆಯನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ವಾಹನದ ಚಲನಶಕ್ತಿಯು ಈ ಘರ್ಷಣೆಯಲ್ಲಿ ಶಾಖವಾಗಿ ಮಾರ್ಪಟ್ಟು ಗಾಳಿಗೆ ಸೇರುತ್ತದೆ.

ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 40 ಕಿ.ಮೀ. ವೇಗವು 60 ಕಿ.ಮೀ.ಗೆ ಏರಿದರೆ ವೇಗ ಒಂದೂವರೆ ಪಟ್ಟಾದರೂ ಬ್ರೇಕ್ ನುಂಗಬೇಕಾದ ಶಕ್ತಿ 2.25 ಪಟ್ಟಾಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಸುಸ್ಥಿತಿಯ ಬ್ರೇಕ್ ಇದ್ದರೂ, ಸಾಮಾನ್ಯ ಲೆಕ್ಕದಂತೆ 40 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 10 ಮೀಟರ್ ಬೇಕಾದರೆ, 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 23 ಮೀಟರ್ ಬೇಕು. ಚಾಲಕರು ಅಪಾಯವನ್ನು ಕಂಡು ಪೆಡಲಿನ ಮೇಲೆ ಕಾಲಿಡುವ ಒಂದು ಕ್ಷಣದಲ್ಲಿ ವಾಹನ ಕ್ರಮಿಸುವ 11 ಅಥವಾ 17 ಮೀಟರ್ ಇದಕ್ಕೆ ಹೊರತಾದುದು.

ಬೂಸ್ಟರ್ ಮಾಡುವುದೇನು, ಮಾಡದಿರುವುದೇನು

ಲಘು ವಾಹನಗಳಲ್ಲಿ ಪವರ್ ಬ್ರೇಕ್ ಎಂದರೆ ಬಹುತೇಕ ನಿರ್ವಾತ ಬೂಸ್ಟರ್ ಎಂದೇ ಅರ್ಥ. ಬೆಲ್ಜಿಯಂ ದೇಶದ ಆಲ್ಬರ್ಟ್ ಡಿವಾಂಡ್ರ್ 1927ರಲ್ಲಿ ರೂಪಿಸಿದ ತತ್ವವೇ ಇಂದಿಗೂ ಬಳಕೆಯಲ್ಲಿದೆ. ಪೆಡಲ್ ಮತ್ತು ಮಾಸ್ಟರ್ ಸಿಲಿಂಡರಿನ ನಡುವೆ ಡಬ್ಬಿಯಾಕಾರದ ಒಂದು ಕೋಶವಿದ್ದು, ಅದರೊಳಗಿನ ರಬ್ಬರ್ ಪರದೆಯು ಕೋಶವನ್ನು ಎರಡು ಭಾಗ ಮಾಡುತ್ತದೆ. ಪೆಡಲ್ ಒತ್ತದಿರುವಾಗ ಎರಡೂ ಕಡೆ ನಿರ್ವಾತವಿರುತ್ತದೆ. ಒತ್ತಿದೊಡನೆ ಚಾಲಕರ ಕಡೆಯ ಭಾಗಕ್ಕೆ ಹೊರಗಿನ ಗಾಳಿ ನುಗ್ಗಿ, ಪರದೆಯನ್ನು ಮುಂದಕ್ಕೆ ತಳ್ಳುತ್ತದೆ. 20 ಸೆಂಟಿಮೀಟರ್ ವ್ಯಾಸದ ಪರದೆಯ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 0.7 ಕಿಲೋಗ್ರಾಂ ವ್ಯತ್ಯಾಸ ದೊರೆತರೂ ಗರಿಷ್ಠ ಸುಮಾರು 220 ಕಿಲೋಗ್ರಾಂ ನೆರವು ಸಿಗುತ್ತದೆ. ಮೇಲಿನ ಉದಾಹರಣೆಯ 100 ಕಿಲೋಗ್ರಾಂ ಬಲ ಈಗ 320 ಆಯಿತು. ಕಾಲಿನ ಶ್ರಮ ಅಷ್ಟೇ. ಫಲ ಮೂರು ಪಟ್ಟು.

ಆದರೆ ಈ ಹೆಚ್ಚಿದ ಒತ್ತಡ ತಲುಪುವುದು ಅದೇ ಹಳೆಯ ಕೊಳವೆಗಳಿಗೆ, ಅದೇ ರಬ್ಬರ್ ಹೋಸ್‌ಗಳಿಗೆ, ಅದೇ ಶೂಗಳಿಗೆ. ತುಕ್ಕು ಹಿಡಿದು ತೆಳುವಾದ ಕೊಳವೆ ಇದುವರೆಗೆ ತಡೆದುಕೊಂಡಿದ್ದರೆ, ಬೂಸ್ಟರ್ ಅಳವಡಿಸಿದ ಬಳಿಕದ ಮೊದಲ ತುರ್ತು ಬ್ರೇಕಿನಲ್ಲಿಯೇ ಒಡೆಯಬಹುದು. ಅಲ್ಲದೆ ವಾಹನವನ್ನು ಅಂತಿಮವಾಗಿ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ನುಣುಪಾದ ಟೈರಿನ ವಾಹನಕ್ಕೆ ಬೂಸ್ಟರ್ ಕೂರಿಸಿದರೆ ಚಕ್ರ ಬೇಗ ಕಚ್ಚಿಕೊಳ್ಳುತ್ತದೆ. ವಾಹನ ಜಾರುತ್ತಲೇ ಸಾಗುತ್ತದೆ.

ಡೀಸೆಲ್ ವಾಹನದ ವಿಶೇಷ ಮತ್ತು ಇಳಿಜಾರಿನ ಅಪಾಯ

ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿಯಲ್ಲಿ ಥ್ರಾಟಲ್ ಕವಾಟವಿರುವುದರಿಂದ ಅಲ್ಲಿ ತಾನಾಗಿಯೇ ನಿರ್ವಾತ ಉಂಟಾಗುತ್ತದೆ. ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಅಂತಹ ಕವಾಟ ಇರುವುದಿಲ್ಲ. ಆದ್ದರಿಂದ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಪ್ರತ್ಯೇಕ ಪಂಪಿನಿಂದಲೇ ಪಡೆಯಬೇಕು. ಅನೇಕ ವಾಹನಗಳಲ್ಲಿ ಈ ಪಂಪು ಆಲ್ಟರ್ನೇಟರಿನ ಹಿಂಬದಿಗೆ ಜೋಡಣೆಗೊಂಡು, ಬೆಲ್ಟಿನಿಂದ ತಿರುಗುತ್ತದೆ. ಅಂದಾಜು ಪಟ್ಟಿಯಲ್ಲಿ ಬೂಸ್ಟರಿನ ಬೆಲೆ ಮಾತ್ರ ಇದ್ದು, ಪಂಪು, ಹೋಸ್ ಮತ್ತು ನಿರ್ವಾತವನ್ನು ಹಿಡಿದಿಡುವ ಏಕಮುಖ ಕವಾಟದ ಉಲ್ಲೇಖವಿಲ್ಲದಿದ್ದರೆ ಆ ಅಂದಾಜು ಅಪೂರ್ಣವೆಂದೇ ತಿಳಿಯಬೇಕು.

ಎಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ. ಕೋಶದಲ್ಲಿ ಉಳಿದ ನಿರ್ವಾತವು ಎರಡು ಮೂರು ಬಾರಿ ಪೆಡಲ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಬಳಿಕ ಪೆಡಲ್ ಕಲ್ಲಿನಂತಾಗುತ್ತದೆ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸಿ ವಾಹನವನ್ನು ತೇಲಿಬಿಡುವ ರೂಢಿ ಎಲ್ಲ ಕಾಲಕ್ಕೂ ಅಪಾಯಕರ. ಬೂಸ್ಟರ್ ಇರುವ ವಾಹನದಲ್ಲಿ ಅದು ಪ್ರಾಣಾಂತಿಕ. ಉಳಿತಾಯವಾಗುವ ಅರ್ಧ ಲೀಟರ್ ಡೀಸೆಲ್ಲಿಗೂ ಒಂದು ಜೀವಕ್ಕೂ ಹೋಲಿಕೆಯಿಲ್ಲ. ಇಳಿಜಾರಿನಲ್ಲಿ ಎಂಜಿನ್ ಚಾಲನೆಯಲ್ಲಿರಬೇಕು, ಕೆಳಗಿನ ಗೇರಿನಲ್ಲಿ ಇಳಿಯಬೇಕು. ಮಲೆನಾಡಿನ ಮತ್ತು ಕೊಡಗಿನ ಪಂಚಾಯಿತಿಗಳು ಇನ್ನೊಂದು ಅಂಶವನ್ನೂ ಗಮನಿಸಬೇಕು. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಬೂಸ್ಟರಿನ ನೆರವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ.

ಮೇಲ್ದರ್ಜೆಗೇರಿಸುವ ಕ್ರಮ

ಮೊದಲನೆಯದು, ಇರುವ ವ್ಯವಸ್ಥೆಯ ಪೂರ್ಣ ದುರಸ್ತಿ. ಲೈನಿಂಗ್, ಡ್ರಮ್ಮಿನ ಸವೆತ, ವೀಲ್ ಸಿಲಿಂಡರಿನ ಸೋರಿಕೆ, ಲೋಹದ ಕೊಳವೆ, ರಬ್ಬರ್ ಹೋಸ್, ಹ್ಯಾಂಡ್ ಬ್ರೇಕಿನ ಕೇಬಲ್ ಇವನ್ನು ಪರಿಶೀಲಿಸಿ ಬದಲಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ ಮೇಲೆ ಈ ಮಿತಿ 155 ಡಿಗ್ರಿಯವರೆಗೂ ಇಳಿಯಬಹುದು. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಸೇರಿ ಪೆಡಲ್ ಟೊಳ್ಳಾಗುತ್ತದೆ. ತಯಾರಕರು ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಆಯಿಲ್ ಬದಲಿಸಬೇಕು. ಆಯಿಲ್ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿಯಲೇಬಾರದು; ಅದು ರಬ್ಬರ್ ವಾಷರುಗಳನ್ನು ಉಬ್ಬಿಸಿ ಇಡೀ ವ್ಯವಸ್ಥೆಯನ್ನು ಕೆಡಿಸುತ್ತದೆ.

ಎರಡನೆಯದು, ಇಬ್ಭಾಗದ ಮಾಸ್ಟರ್ ಸಿಲಿಂಡರ್. ತೀರಾ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಮಾರ್ಗವಿದ್ದು, ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕ್ ಕೈಕೊಡುತ್ತವೆ. ಇಬ್ಭಾಗದ ಸಿಲಿಂಡರಿನಲ್ಲಿ ಮುಂದಿನ ಮತ್ತು ಹಿಂದಿನ ಮಾರ್ಗಗಳು ಬೇರೆಬೇರೆಯಾಗಿದ್ದು, ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಬೂಸ್ಟರಿಗಿಂತ ಇದು ಮುಖ್ಯ.

ಮೂರನೆಯದು ಬೂಸ್ಟರ್. ಅದೇ ಮಾದರಿಯ ವಾಹನಕ್ಕೆ ತಯಾರಕರೇ ಬೂಸ್ಟರ್ ಒದಗಿಸಿದ್ದಲ್ಲಿ, ಅದೇ ಬೂಸ್ಟರ್, ಅದೇ ಮಾಸ್ಟರ್ ಸಿಲಿಂಡರ್ ಮತ್ತು ಅದೇ ಪೆಡಲ್ ಜೋಡಣೆಯನ್ನು ಒಟ್ಟಾಗಿ ಬಳಸಬೇಕು. ಗುಜರಿಯಿಂದ ತಂದ ಬೇರೆ ವಾಹನದ ಬೂಸ್ಟರನ್ನು ವೆಲ್ಡಿಂಗ್ ಮಾಡಿ ಕೂರಿಸುವುದು ಮೇಲ್ದರ್ಜೆಯಲ್ಲ. ದಂಡದ ಉದ್ದ ಸ್ವಲ್ಪ ಹೆಚ್ಚಾದರೂ ಬ್ರೇಕ್ ಪೂರ್ಣ ಬಿಡುವುದಿಲ್ಲ. ಚಕ್ರ ಕಾದು ಹೋಗುತ್ತದೆ.

ನಾಲ್ಕನೆಯದು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಡಿಸ್ಕ್ ಬೇಗ ತಣಿಯುತ್ತದೆ, ನೀರಿನಲ್ಲಿ ತೊಯ್ದರೂ ಬೇಗ ಒಣಗುತ್ತದೆ. ಆದರೆ ಡ್ರಮ್ಮಿನಲ್ಲಿ ತಿರುಗುವ ಡ್ರಮ್ಮೇ ಮುಂಬದಿಯ ಶೂವನ್ನು ತನ್ನೊಡನೆ ಎಳೆದುಕೊಂಡು ಬಲ ಹೆಚ್ಚಿಸುತ್ತದೆ; ಡಿಸ್ಕಿಗೆ ಆ ಸೌಲಭ್ಯವಿಲ್ಲ. ಹೀಗಾಗಿ ಡಿಸ್ಕಿಗೆ ಹೆಚ್ಚಿನ ಒತ್ತಡ ಬೇಕು, ಬೂಸ್ಟರ್ ಇಲ್ಲದೆ ಡಿಸ್ಕ್ ಮಾತ್ರ ಅಳವಡಿಸಿದರೆ ಪೆಡಲ್ ಮತ್ತಷ್ಟು ಗಟ್ಟಿಯಾಗಬಹುದು.

ಐದನೆಯದು, ಮುಂದಿನ ಮತ್ತು ಹಿಂದಿನ ಬ್ರೇಕಿನ ಸಮತೋಲನ. ಖಾಲಿ ಪಿಕಪ್ಪಿನ ಹಿಂಭಾಗ ಹಗುರವಾದ್ದರಿಂದ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ವಾಹನ ಅಡ್ಡ ತಿರುಗುವ ಸಂಭವವಿದೆ. ಇದನ್ನು ತಡೆಯಲು ಅನೇಕ ಪಿಕಪ್‌ಗಳಲ್ಲಿ ಹೊರೆಗೆ ತಕ್ಕಂತೆ ಹಿಂದಿನ ಒತ್ತಡವನ್ನು ಹೊಂದಿಸುವ ಕವಾಟವಿರುತ್ತದೆ. ಹೆಚ್ಚು ಭಾರ ಹೊರಲೆಂದು ಸ್ಪ್ರಿಂಗಿಗೆ ಪ್ಲೇಟ್ ಸೇರಿಸಿದಾಗ ವಾಹನ ತಗ್ಗುವುದಿಲ್ಲ; ಕವಾಟವು ಹೊರೆಯಿಲ್ಲವೆಂದೇ ಭಾವಿಸಿ ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಕಸ ತುಂಬಿದ ವಾಹನ ನಿಲ್ಲದಿರಲು ಇದೂ ಕಾರಣವಾಗಬಲ್ಲದು.

ಕಾನೂನಿನ ಮಿತಿ

ಮೋಟಾರು ವಾಹನಗಳ ಕಾಯ್ದೆ, 1988ರ ಪ್ರಕರಣ 52ರ ಪ್ರಕಾರ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅನುಮತಿಯಿಲ್ಲದ ಮಾರ್ಪಾಡಿಗೆ ಪ್ರಕರಣ 182ಎ ಅಡಿಯಲ್ಲಿ ವಾಹನದ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಪಂಚಾಯಿತಿಯ ವಾಹನಕ್ಕೆ ಮಾಲೀಕತ್ವ ಪಂಚಾಯಿತಿಯದೇ ಆಗಿರುತ್ತದೆ. ಆದ್ದರಿಂದ ಬಿಡಿಭಾಗಗಳ ಬದಲಾವಣೆಯನ್ನು ಮೀರಿದ ಯಾವುದೇ ಕೆಲಸಕ್ಕೆ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯ ಲಿಖಿತ ಅಭಿಪ್ರಾಯ ಪಡೆಯುವುದು ಸೂಕ್ತ. ವಿಮಾ ಸಂಸ್ಥೆಗೂ ಮಾಹಿತಿ ನೀಡಬೇಕು.

ಇದಕ್ಕಿಂತಲೂ ಮೊದಲು ನೋಡಬೇಕಾದುದು ವಾಹನದ ವಯಸ್ಸು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮದಂತೆ, ಪಂಚಾಯಿತಿಗಳೂ ಸೇರಿದಂತೆ ಸರ್ಕಾರಿ ಹಾಗೂ ಸ್ಥಳೀಯ ಸಂಸ್ಥೆಗಳ ವಾಹನಗಳ ನೋಂದಣಿಯು 15 ವರ್ಷಗಳ ನಂತರ ನವೀಕರಣಗೊಳ್ಳುವುದಿಲ್ಲ. ಅವುಗಳನ್ನು ನೋಂದಾಯಿತ ಗುಜರಿ ಕೇಂದ್ರದ ಮೂಲಕ ವಿಲೇವಾರಿ ಮಾಡಬೇಕು. ಹದಿಮೂರು, ಹದಿನಾಲ್ಕು ವರ್ಷ ತುಂಬಿದ ವಾಹನಕ್ಕೆ ಬೂಸ್ಟರ್ ಮತ್ತು ಡಿಸ್ಕಿನ ವೆಚ್ಚ ಹಾಕುವುದಕ್ಕಿಂತ, ಮೂಲ ಬ್ರೇಕನ್ನು ಸುಸ್ಥಿತಿಯಲ್ಲಿಟ್ಟು ಹೊಸ ವಾಹನದ ಕ್ರಿಯಾಯೋಜನೆ ರೂಪಿಸುವುದು ವಿವೇಕ. ಬಾಡಿಗೆ ವಾಹನವಾದಲ್ಲಿ ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದೆ ಕರಾರು ಮಾಡಿಕೊಳ್ಳಬಾರದು.

ಚಾಲಕರೇ ಮಾಡಬಹುದಾದ ಪರೀಕ್ಷೆ

ಬೂಸ್ಟರ್ ಇರುವ ವಾಹನದಲ್ಲಿ ಪ್ರತಿದಿನ ಬೆಳಿಗ್ಗೆ ಎಂಜಿನ್ ಆರಿರುವಾಗಲೇ ಪೆಡಲನ್ನು ನಾಲ್ಕೈದು ಬಾರಿ ಒತ್ತಿ ಗಟ್ಟಿಯಾಗಲು ಬಿಡಬೇಕು. ಬಳಿಕ ಕಾಲನ್ನು ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಬೇಕು. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಇಳಿಯದಿದ್ದರೆ ಬೂಸ್ಟರ್, ಪಂಪು, ಹೋಸ್ ಅಥವಾ ಬೆಲ್ಟಿನಲ್ಲಿ ದೋಷವಿದೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಒತ್ತಿಹಿಡಿದಾಗ ನಿಧಾನವಾಗಿ ತಳ ಸೇರಿದರೆ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿದೆ ಅಥವಾ ಎಲ್ಲೋ ಸೋರಿಕೆಯಿದೆ. ಬ್ರೇಕ್ ಹಾಕಿದಾಗ ವಾಹನ ಒಂದು ಬದಿಗೆ ಎಳೆದರೆ ಒಂದು ಚಕ್ರದ ಬ್ರೇಕ್ ಹಿಡಿಯುತ್ತಿಲ್ಲ. ಈ ಯಾವ ಲಕ್ಷಣ ಕಂಡರೂ ಆ ದಿನ ವಾಹನವನ್ನು ಹೊರಡಿಸಬಾರದು. ಕಸ ಒಂದು ದಿನ ತಡವಾಗಿ ಹೋದರೆ ನಷ್ಟವಿಲ್ಲ.

ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಪ್ರಸ್ತಾವನೆ ಮಂಡನೆಯಾದಾಗ ಮಾನ್ಯ ಸದಸ್ಯರು ಈ ಕೆಳಗಿನ ವಿವರಗಳನ್ನು ಕೇಳಿ ಪಡೆಯಬೇಕು.

1. ವಾಹನದ ನೋಂದಣಿ ದಿನಾಂಕ ಯಾವುದು, ಇನ್ನೆಷ್ಟು ವರ್ಷ ಬಳಸಬಹುದು?
2. ಪೆಡಲ್ ಗಟ್ಟಿಯಾಗಿರುವ ಕಾರಣವನ್ನು ಪರೀಕ್ಷಿಸಲಾಗಿದೆಯೇ? ಮೊದಲೇ ಇರುವ ಬೂಸ್ಟರ್ ಕೆಟ್ಟಿರುವ ಸಾಧ್ಯತೆ ನೋಡಲಾಗಿದೆಯೇ?
3. ಮೂಲ ಬ್ರೇಕಿನ ದುರಸ್ತಿ ಪೂರ್ಣಗೊಂಡಿದೆಯೇ?
4. ಅಂದಾಜಿನಲ್ಲಿ ನಿರ್ವಾತ ಪಂಪು, ಹೋಸ್, ಕವಾಟ, ಮಾಸ್ಟರ್ ಸಿಲಿಂಡರ್ ಎಲ್ಲವೂ ಸೇರಿವೆಯೇ? ಅವು ಅದೇ ಮಾದರಿಯ ಅಧಿಕೃತ ಬಿಡಿಭಾಗಗಳೇ?
5. ಸಾರಿಗೆ ಕಚೇರಿಯ ಅಭಿಪ್ರಾಯ ಪಡೆಯಲಾಗಿದೆಯೇ?
6. ಕೆಲಸದ ನಂತರ ಖಾಲಿಯಾಗಿಯೂ ಹೊರೆಯೊಂದಿಗೂ ಪರೀಕ್ಷಿಸಿ, ಫಲಿತಾಂಶವನ್ನು ಲಾಗ್ ಪುಸ್ತಕದಲ್ಲಿ ದಾಖಲಿಸಲಾಗುವುದೇ?

ಇವುಗಳ ಜೊತೆಗೆ ವಾಹನವನ್ನು ದಿನವೂ ಚಲಾಯಿಸುವವರ ಮಾತನ್ನು ಸಭೆ ಆಲಿಸಬೇಕು. ಬ್ರೇಕಿನ ಬದಲಾವಣೆ ಮೊದಲು ತಿಳಿಯುವುದು ಅವರ ಕಾಲಿಗೆ. ಪೆಡಲ್ ಸರಿಯಿಲ್ಲವೆಂದು ವಾಹನ ನಿಲ್ಲಿಸಿದ ಚಾಲಕಿಯ ಮೇಲೆ ಕರ್ತವ್ಯಲೋಪದ ಆಕ್ಷೇಪ ಬಾರದಂತೆ, ಅಂತಹ ದಿನದ ಗೌರವಧನ ಕಡಿತವಾಗದಂತೆ ಪಂಚಾಯಿತಿಯು ಮುಂಚಿತವಾಗಿಯೇ ನಿರ್ಣಯ ಕೈಗೊಳ್ಳುವುದು ಒಳಿತು. ಈ ನಿರ್ಣಯಕ್ಕೆ ಬಿಡಿಭಾಗದ ಖರ್ಚಿಲ್ಲ. ಇದರಿಂದಾಗಿ ದೋಷವು ಅಪಘಾತವಾಗುವ ಮೊದಲೇ ಪಂಚಾಯಿತಿಯ ಗಮನಕ್ಕೆ ಬರುತ್ತದೆ.